ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ: ಸೈನಿಕನೂ ಸಂಸಾರಿಯೂ

1953ರ ಸೆಪ್ಟೆಂಬರ್ ತಿಂಗಳ ಕೊನೆಯ ದಿನದವರೆಗೆ ನಮ್ಮ ಕಣೇಕಲ್ಲೂ ನಿಮ್ಮ ಕಾಸರಗೋಡೂ ಒಂದೇ ರಾಜ್ಯದಲ್ಲಿದ್ದುವು ಎಂಬ ಸಂಗತಿ ಇಂದಿನ ಮಕ್ಕಳಿಗೆ ತಿಳಿದಿರಲಾರದು. ನಾವು ಬಳ್ಳಾರಿ ಜಿಲ್ಲೆಯ ರಾಯದುರ್ಗ ತಾಲೂಕಿನವರು. ನೀವು ದಕ್ಷಿಣ ಕನ್ನಡ ಜಿಲ್ಲೆಯವರು. ಇಬ್ಬರೂ ಮದರಾಸಿನ ಪ್ರಜೆಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆಲೂರು, ಆದವಾನಿ, ರಾಯದುರ್ಗ ಎಂಬ ಮೂರು ತಾಲೂಕುಗಳು ಅತ್ತ ಹೋದುವು; ಬಳ್ಳಾರಿ ಜಿಲ್ಲೆಯ ಉಳಿದ ಭಾಗ ಮೈಸೂರಿಗೆ ಬಂತು. ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. ಮಡಕಶಿರ ಮೊದಲಿನಿಂದಲೂ ಅನಂತಪುರದಲ್ಲಿತ್ತು. 2022ರಿಂದ ಅದು ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ನಿಮ್ಮ ಸರದಿ ಬಂತು, ಕಾಸರಗೋಡು ಕೇರಳದ್ದಾಯಿತು. 1969ರಲ್ಲಿ ಮದರಾಸು ರಾಜ್ಯವೇ ತಮಿಳುನಾಡು ಎಂಬ ಹೆಸರು ಪಡೆಯಿತು. ನಮ್ಮನ್ನು ಒಂದು ಕಾಲಕ್ಕೆ ಕೂಡಿಸಿಟ್ಟಿದ್ದ ಆ ಹೆಸರು ಭೂಪಟದಿಂದ ಅಳಿಸಿಹೋಯಿತು.

ಆದರೆ ಒಂದು ಕಡೆ ಮಾತ್ರ ಅದು ಉಳಿದುಕೊಂಡಿದೆ. ಅದು ಭಾರತೀಯ ಸೇನೆಯ ಮದರಾಸ್ ರೆಜಿಮೆಂಟು. ಅಲ್ಲಿ ಇಂದಿಗೂ ಕನ್ನಡಿಗ, ಮಲಯಾಳಿ, ತಮಿಳ, ತೆಲುಗ ಎಂಬ ನಾಲ್ಕು ಮನೆಮಾತಿನ ಹುಡುಗರು ಒಂದೇ ಬ್ಯಾರಕ್ಕಿನಲ್ಲಿ ಮಲಗುತ್ತಾರೆ, ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಾರೆ. ಆ ರೆಜಿಮೆಂಟಿನ ಒಬ್ಬ ಸಾಮಾನ್ಯ ಸೈನಿಕನ ಬಾಳನ್ನು ನೆನೆಯುವುದು ಈ ಲೇಖನದ ಉದ್ದೇಶ. ಆತ ನಮ್ಮೂರಿನವನಲ್ಲ, ನಿಮ್ಮೂರಿನವನೂ ಅಲ್ಲ. ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ಬೆಟದೂರಿನವನು. ಆದರೂ ಆತನ ಕಥೆಯಲ್ಲಿ ಗಡಿನಾಡಿನ ನಾವೆಲ್ಲರೂ ಇದ್ದೇವೆ ಎಂದು ನನಗೆ ತೋರುವುದರಿಂದ ಈ ಪುಟಗಳಿಗೆ ಅದನ್ನು ಬರೆಯುತ್ತಿದ್ದೇನೆ.

ರೆಜಿಮೆಂಟಿನ ಹಿನ್ನೆಲೆ

ಮದರಾಸ್ ರೆಜಿಮೆಂಟು ಭಾರತೀಯ ಸೇನೆಯ ಅತ್ಯಂತ ಹಳೆಯ ಪದಾತಿ ರೆಜಿಮೆಂಟುಗಳಲ್ಲಿ ಒಂದು. 1758ರಲ್ಲಿ ಕಂಪನಿ ಸರ್ಕಾರ ಮದರಾಸಿನಲ್ಲಿ ಕಟ್ಟಿದ ಪಡೆಗಳಿಗೆ ಅದರ ಮೂಲ ಹೋಗುತ್ತದೆ. 1803ರ ಅಸ್ಸಾಯೆ ಯುದ್ಧದ ಗುರುತಾಗಿ ಬಂದ ಆನೆ ಅದರ ಲಾಂಛನದಲ್ಲಿದೆ. ಸ್ವಾತಂತ್ರ್ಯಾನಂತರ ಸಂಸ್ಥಾನಗಳು ವಿಲೀನವಾದಾಗ ಮೈಸೂರಿನ ಪದಾತಿ ದಳವೂ ತಿರುವಾಂಕೂರಿನ ನಾಯರ್ ದಳವೂ ಇದರೊಳಗೆ ಬಂದು ಸೇರಿದುವು. ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿ ಇದರ ತರಬೇತಿ ಕೇಂದ್ರವಿದೆ. ಸೇನೆಯಲ್ಲಿ ಈ ರೆಜಿಮೆಂಟಿನ ಜವಾನನನ್ನು ಪ್ರೀತಿಯಿಂದ ಕರೆಯುವ ಹೆಸರು ‘ತಂಬಿ’. ಅವರ ರಣಘೋಷದ ಕೊನೆಯಲ್ಲಿ ‘ಕೊಲ್ಲು’ ಎಂಬ ಮಾತು ಬರುತ್ತದೆ. ಅದು ತಮಿಳೋ ಮಲಯಾಳವೋ ಕನ್ನಡವೋ ಎಂದು ಕೇಳಿದರೆ ಮೂವರೂ ತಮ್ಮದೆಂದೇ ಹೇಳಬೇಕು. ರಾಜಕಾರಣ ಬೇರ್ಪಡಿಸಿದ್ದನ್ನು ಹಳೆಯ ಧಾತುಗಳು ಇನ್ನೂ ಹಿಡಿದುಕೊಂಡಿವೆ.

ಇಂಥ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿಗೆ 2002ರ ಅಕ್ಟೋಬರ್ 25ರಂದು ಹನುಮಂತಪ್ಪ ಸೇರಿದ.

ಬೆಟದೂರಿನ ಹುಡುಗ

ಕುಂದಗೋಳದ ಸೀಮೆ ಎರೆಮಣ್ಣಿನ ನಾಡು. ಹತ್ತಿ, ಮೆಣಸಿನಕಾಯಿ, ಜೋಳ ಬೆಳೆಯುವ ಮಳೆಯಾಧಾರಿತ ಬೇಸಾಯ. ನಮ್ಮ ಕಣೇಕಲ್ಲಿನಲ್ಲಿ ಕೆರೆ ಇದೆ, ತುಂಗಭದ್ರೆಯ ಮೇಲ್ದಂಡೆ ಕಾಲುವೆ ಇದೆ. ಆದುದರಿಂದ ಕೆರೆಯ ಕೆಳಗೆ ಭತ್ತವೂ ಉಂಟು. ಆದರೆ ಕೆರೆಯ ಬಯಲು ದಾಟಿ ಹಗರಿಯ ದಂಡೆಗೆ ಹೋದರೆ ಗಾಳಿ ತಂದು ಸುರಿದ ಮರಳಿನ ದಿಬ್ಬಗಳು ಹೊಲಗಳನ್ನು ನುಂಗಿರುವುದನ್ನು ಕಾಣಬಹುದು. ಮಳೆ ಕೈಕೊಟ್ಟ ವರ್ಷ ಒಂದು ಮನೆಯಲ್ಲಿ ತಿಂಗಳ ಸಂಬಳ ತರುವ ಒಬ್ಬ ಮಗನಿದ್ದರೆ ಅದರ ಬೆಲೆ ಏನೆಂಬುದು ಬೆಟದೂರಿಗೂ ಗೊತ್ತು, ನಮಗೂ ಗೊತ್ತು. ಸೈನ್ಯಕ್ಕೆ ಸೇರುವ ಬಡ ರೈತರ ಮಕ್ಕಳೆಲ್ಲ ದೇಶಪ್ರೇಮದಿಂದಲೇ ಹೊರಟರೆಂದು ಭಾಷಣಗಳಲ್ಲಿ ಹೇಳುತ್ತೇವೆ. ದೇಶಪ್ರೇಮ ಇಲ್ಲದೆ ಇಲ್ಲ. ಆದರೆ ಹೊರಡುವಾಗ ಮನಸ್ಸಿನಲ್ಲಿ ಮೊದಲು ಇರುವುದು ತಾಯಿಯ ಅಡುಗೆಮನೆ. ಇದನ್ನು ಒಪ್ಪಿಕೊಳ್ಳುವುದರಿಂದ ಸೈನಿಕನ ಗೌರವ ಕಡಿಮೆಯಾಗುವುದಿಲ್ಲ.

ಹನುಮಂತಪ್ಪ ಪಕ್ಕದ ಅರಳಿಕಟ್ಟಿಯ ಶಾಲೆಗೆ ನಡೆದುಹೋಗಿ ಓದಿದವನು. ಸೈನ್ಯದ ಭರತಿಯಲ್ಲಿ ಒಂದಕ್ಕಿಂತ ಹೆಚ್ಚು ಸಲ ವಾಪಸಾದರೂ ಬಿಡದೆ ಮತ್ತೆ ಹೋಗಿ ಆಯ್ಕೆಯಾದನೆಂದು ಊರಿನವರು ಆಗ ಪತ್ರಿಕೆಗಳಿಗೆ ಹೇಳಿದ್ದರು. ಸೇರಿದಾಗ ವಯಸ್ಸು ಇಪ್ಪತ್ತರ ಒಳಗೆ. ಮುಂದಿನದ್ದು ಹದಿಮೂರು ವರ್ಷಗಳ ಸೇವೆ.

ಆ ಹದಿಮೂರು ವರ್ಷಗಳನ್ನು ಸೇನೆ ಹೀಗೆ ಲೆಕ್ಕ ಹೇಳಿತು: 2003ರಿಂದ 2006ರವರೆಗೆ ಜಮ್ಮು-ಕಾಶ್ಮೀರದ ಮಾಹೋರ್, 2008ರಿಂದ 2010ರವರೆಗೆ ಮತ್ತೆ ಅದೇ ರಾಜ್ಯದಲ್ಲಿ, 54ನೆಯ ರಾಷ್ಟ್ರೀಯ ರೈಫಲ್ಸ್‌ನೊಂದಿಗೆ, 2010ರಿಂದ 2012ರವರೆಗೆ ಈಶಾನ್ಯದಲ್ಲಿ, ಬೋಡೋ ಮತ್ತು ಉಲ್ಫಾ ಉಗ್ರರ ವಿರುದ್ಧದ ಕಾರ್ಯಾಚರಣೆ, 2015ರ ಆಗಸ್ಟ್‌ನಿಂದ ಸಿಯಾಚಿನ್. ಒಟ್ಟು ಹದಿಮೂರರಲ್ಲಿ ಹತ್ತು ವರ್ಷ ಕಠಿಣ ನೆಲೆಗಳಲ್ಲೇ ಕಳೆದುವು. ಅವುಗಳನ್ನು ಆತ ತಾನಾಗಿ ಬಯಸಿ ಪಡೆಯುತ್ತಿದ್ದ ಎಂದೂ ಸೇನೆಯ ಹೇಳಿಕೆಯಲ್ಲಿತ್ತು.

ರಜೆಯ ಲೆಕ್ಕ

ಇಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಹನುಮಂತಪ್ಪನ ವಿವಾಹವಾದದ್ದು 2012ರಲ್ಲಿ. ಒಬ್ಬಳೇ ಮಗಳು, ಆತ ತೀರಿಕೊಂಡಾಗ ಆ ಮಗುವಿಗೆ ಎರಡು ವರ್ಷವೂ ತುಂಬಿರಲಿಲ್ಲ. ಊರಿನವರೂ ಮನೆಯವರೂ ಆತನನ್ನು ಸಂಸಾರದ ಮೇಲೆ ಬಹಳ ಪ್ರೀತಿಯುಳ್ಳವನೆಂದೇ ನೆನೆದರು. ಹಾಗಿದ್ದವನು ಅಪಾಯದ ನೆಲೆಗಳನ್ನೇ ಕೇಳಿ ಪಡೆದದ್ದು ಹೇಗೆ? ಸಂಸಾರವನ್ನು ಪ್ರೀತಿಸುವವನು ಶಾಂತಿನೆಲೆಗೆ ಅಲ್ಲವೇ ಆಸೆಪಡಬೇಕು? ನಮ್ಮಲ್ಲಿ ಕೆಲವರು ಆಗ ಈ ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಕೇಳಿದ್ದರು. ಅದನ್ನು ಗಟ್ಟಿಯಾಗಿಯೇ ಕೇಳೋಣ.

ಸೈನಿಕನೊಬ್ಬನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಎಲ್ಲವೂ ಸಿಕ್ಕಿತೆಂದೇ ಇಟ್ಟುಕೊಳ್ಳಿ. ಸೇವೆಯ ಅಗತ್ಯ ಬಿದ್ದರೆ ಅದೂ ಸಿಗುವುದಿಲ್ಲ. ವರ್ಷಕ್ಕೆ ಮೂರು ತಿಂಗಳು. ಮದುವೆಯಾಗಿ ಆತ ಬದುಕಿದ್ದದ್ದು ಹೆಚ್ಚೆಂದರೆ ನಾಲ್ಕು ವರ್ಷ. ಕುಟುಂಬದ ವಸತಿ ದೊರೆಯುವ ಶಾಂತಿನೆಲೆಯ ದಿನಗಳನ್ನು ಬಿಟ್ಟರೆ, ರಜೆಯ ಲೆಕ್ಕದಲ್ಲಿ ಆ ದಂಪತಿಗಳಿಗೆ ಒಟ್ಟು ಸಿಗಬಹುದಾಗಿದ್ದದ್ದು ಒಂದು ವರ್ಷ. ಈ ಒಂದು ವರ್ಷದಲ್ಲಿಯೇ ರೈಲಿನ ಪ್ರಯಾಣ, ಹೊಲದ ಕೆಲಸ, ನೆಂಟರ ಮದುವೆ, ತಾಯಿಯ ಔಷಧಿ ಎಲ್ಲವೂ ಸೇರಬೇಕು.

ಇನ್ನೊಂದು ಲೆಕ್ಕವೂ ಇದೆ. ಜವಾನನಿಗೆ ಪಿಂಚಣಿ ದೊರೆಯಲು 15 ವರ್ಷ ಸೇವೆ ಆಗಬೇಕು. 2002ರ ಅಕ್ಟೋಬರ್‌ನಲ್ಲಿ ಸೇರಿದವನಿಗೆ 2017ರ ಅಕ್ಟೋಬರ್‌ಗೆ ಅದು ತುಂಬುತ್ತಿತ್ತು. ಸಿಯಾಚಿನ್ನಿನ ಕಾವಲಿಗೆ ಏರಿದಾಗ ಆತನಿಗೂ ಪಿಂಚಣಿಗೂ ನಡುವೆ ಉಳಿದಿದ್ದದ್ದು ಎರಡು ವರ್ಷಕ್ಕೂ ಕಡಿಮೆ. ನಿವೃತ್ತ ಜವಾನರು ಊರಿಗೆ ಬಂದು ಒಂದು ಅಂಗಡಿ ಇಡುವುದನ್ನೋ, ಬ್ಯಾಂಕಿನಲ್ಲಿ ಕಾವಲುಗಾರರಾಗುವುದನ್ನೋ, ಮೂವತ್ತೈದರ ವಯಸ್ಸಿನಲ್ಲಿ ಸಂಸಾರವನ್ನು ಎರಡನೆಯ ಸಲ ಹೊಸದಾಗಿ ಹೂಡುವುದನ್ನೋ ನಾವೆಲ್ಲರೂ ನೋಡಿದ್ದೇವೆ. ಸೈನಿಕನ ಮನೆಯಲ್ಲಿ ಪ್ರೀತಿ ಎಂದರೆ ಬಹುಪಾಲು ಈ ಮುಂದೂಡಿದ ದಿನಗಳೇ. ಆತ ಮನೆಯಿಂದ ದೂರವಿರುವುದು ಮನೆ ಬೇಡವಾಗಿ ಅಲ್ಲ, ಮನೆ ನಿಲ್ಲಬೇಕೆಂದು. ಕಠಿಣ ನೆಲೆಯಲ್ಲಿ ಭತ್ಯೆ ಹೆಚ್ಚು ಎಂಬುದೂ ನಿಜ. ಆದರೆ ಹತ್ತು ವರ್ಷ ಒಬ್ಬನನ್ನು ಭತ್ಯೆ ಒಂದೇ ಹಿಡಿದಿಡಲಾರದು. ಜತೆಯವರು ಹೋಗುವ ಕಡೆ ತಾನು ತಪ್ಪಿಸಿಕೊಳ್ಳಬಾರದು ಎಂಬ ಒಂದು ಭಾವ ಇರುತ್ತದೆ. ಅದು ಕೂಡ ಒಂದು ಬಗೆಯ ಕುಟುಂಬವೇ. ಹನುಮಂತಪ್ಪನಿಗೆ ಎರಡು ಮನೆಗಳಿದ್ದುವು: ಒಂದು ಬೆಟದೂರಿನಲ್ಲಿ, ಇನ್ನೊಂದು 19ನೆಯ ಮದರಾಸಿನಲ್ಲಿ. ಒಂದನ್ನು ಸಾಕಲು ಇನ್ನೊಂದರಲ್ಲಿ ಇರಬೇಕಾಗಿತ್ತು.

ಸಿಯಾಚಿನ್

ಸಿಯಾಚಿನ್ ಹಿಮನದಿ ಸುಮಾರು 76 ಕಿಲೋಮೀಟರು ಉದ್ದದ್ದು. ಅದು ಈಗ ಲಡಾಖ್ ಕೇಂದ್ರಾಡಳಿತ ಪ್ರದೇಶದಲ್ಲಿದೆ; ಆಗ ಜಮ್ಮು-ಕಾಶ್ಮೀರ ರಾಜ್ಯದಲ್ಲಿತ್ತು. ಕದನವಿರಾಮ ರೇಖೆಯನ್ನು ಹಿಂದೆ ಗುರುತಿಸಿದಾಗ ಈ ಹಿಮದ ನೆಲದಲ್ಲಿ ಮನುಷ್ಯರು ನಿಲ್ಲುವರೆಂದು ಯಾರೂ ಎಣಿಸದೆ ಗೆರೆಯನ್ನು ಅರ್ಧಕ್ಕೆ ಬಿಟ್ಟಿದ್ದರು. 1984ರ ಏಪ್ರಿಲ್ 13ರಂದು ‘ಮೇಘದೂತ’ ಎಂಬ ಹೆಸರಿನ ಕಾರ್ಯಾಚರಣೆಯಿಂದ ಭಾರತದ ಸೇನೆ ಅಲ್ಲಿನ ಸಾಲ್ತೊರೊ ಏಣಿನ ಕಣಿವೆಗಳನ್ನು ಹಿಡಿಯಿತು. ಅಂದಿನಿಂದ ಅಲ್ಲಿ ಸತ್ತವರಲ್ಲಿ ಗುಂಡಿಗಿಂತ ಹಿಮಕ್ಕೆ, ಚಳಿಗೆ, ತೆಳ್ಳನೆಯ ಗಾಳಿಗೆ ಬಲಿಯಾದವರೇ ಹೆಚ್ಚು. 2003ರ ಕದನವಿರಾಮದ ಬಳಿಕವೂ ಸಾವು ನಿಲ್ಲಲಿಲ್ಲ, ಏಕೆಂದರೆ ಹಿಮದೊಡನೆ ಯಾರೂ ಒಪ್ಪಂದ ಮಾಡಿಕೊಳ್ಳಲಾರರು.

2015ರ ಡಿಸೆಂಬರಿನಲ್ಲಿ ಹನುಮಂತಪ್ಪನ ತಂಡ ಸುಮಾರು 19,600 ಅಡಿ ಎತ್ತರದ ಸೋನಮ್ ಕಾವಲಿಗೆ ಏರಿತು. ಅಷ್ಟೆತ್ತರದಲ್ಲಿ ಯಾರನ್ನೂ ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹೆಚ್ಚು ಇರಿಸುವುದಿಲ್ಲ. ಕಾವಲಿನಲ್ಲಿದ್ದವರು ಹತ್ತು ಮಂದಿ. 2016ರ ಫೆಬ್ರವರಿ 3ರ ಬೆಳಗಿನ ಜಾವ ಮೇಲಿನಿಂದ ಹಿಮದ ದೊಡ್ಡ ಗೋಡೆಯೊಂದು ಕುಸಿದು ಇಡೀ ಕಾವಲನ್ನು ಮುಚ್ಚಿತು. ಬದುಕಿರುವ ಸಂಭವ ತೀರಾ ಕಡಿಮೆಯೆಂದು ಸೇನೆ ಮರುದಿನವೇ ಹೇಳಿತು. ದೆಹಲಿಯಿಂದ ಸಂತಾಪಗಳೂ ಬಂದುವು.

ಆದರೂ ಹುಡುಕಾಟ ನಿಲ್ಲಲಿಲ್ಲ. ನೂರೈವತ್ತಕ್ಕೂ ಹೆಚ್ಚು ಸೈನಿಕರು, ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು, ಕಲ್ಲು ಕೊರೆಯುವ ಯಂತ್ರಗಳು, ವಿದ್ಯುತ್ ಗರಗಸಗಳು, ಹಿಮದೊಳಗೆ ನೋಡಬಲ್ಲ ರಾಡಾರು. ಹಿಮ ಎಂದರೆ ಹತ್ತಿಯಂಥದ್ದಲ್ಲ. ಕಾಂಕ್ರೀಟಿನಷ್ಟು ಗಟ್ಟಿಯಾದ ನೀಲಿ ಮಂಜುಗಡ್ಡೆ. ಆ ಎತ್ತರದಲ್ಲಿ ನಾಲ್ಕು ಸಲ ಹಾರೆ ಎತ್ತಿದವನಿಗೆ ಉಸಿರು ಕಟ್ಟುತ್ತದೆ. ಫೆಬ್ರವರಿ 8ರ ರಾತ್ರಿ, 25ರಿಂದ 30 ಅಡಿ ಆಳದಲ್ಲಿ, ಮೈನಸ್ 45 ಡಿಗ್ರಿ ಚಳಿಯ ನಡುವೆ, ಹನುಮಂತಪ್ಪ ಉಸಿರಾಡುತ್ತಿರುವುದು ಕಂಡಿತು. ಆರನೆಯ ದಿನ! ಮರುದಿನ ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿ, ಅಲ್ಲಿಂದ ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ ತಂದರು.

ಆ ಮೂರು ದಿನ ದೇಶವೆಲ್ಲ ಬೆಟದೂರಾಯಿತು. ನಮ್ಮ ಕಣೇಕಲ್ಲಿನಲ್ಲಿ ತೆಲುಗು ಪತ್ರಿಕೆ ತರಿಸುವವರೂ ಬಳ್ಳಾರಿಯಿಂದ ಬರುವ ಕನ್ನಡ ಪತ್ರಿಕೆಯನ್ನು ಕೇಳಿ ಓದಿದ್ದು ನನಗೆ ನೆನಪಿದೆ. ಗುಡಿಯಲ್ಲಿ, ದರ್ಗಾದಲ್ಲಿ, ಶಾಲೆಯಲ್ಲಿ ಪ್ರಾರ್ಥನೆಗಳಾದುವು. ಉತ್ತರಪ್ರದೇಶದ ಒಬ್ಬ ಹೆಣ್ಣುಮಗಳು ತನ್ನ ಮೂತ್ರಪಿಂಡವನ್ನು ಕೊಡುವೆನೆಂದು ಮುಂದೆ ಬಂದಳು. ಆದರೆ ದೇಹದೊಳಗಿನ ಒಂದೊಂದೇ ಅಂಗ ಸೋಲುತ್ತ ಬಂದು, ಫೆಬ್ರವರಿ 11ರ ಬೆಳಗ್ಗೆ 11 ಗಂಟೆ 45 ನಿಮಿಷಕ್ಕೆ ಹನುಮಂತಪ್ಪ ಕೊನೆಯುಸಿರೆಳೆದ. ಮರುದಿನ ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಸಾವಿರಾರು ಜನ ಅಂತಿಮ ದರ್ಶನ ಪಡೆದರು. ಅನಂತರ ಬೆಟದೂರಿನ ಮಣ್ಣಿನಲ್ಲಿ ಸರ್ಕಾರಿ ಗೌರವದೊಂದಿಗೆ ಆತನನ್ನು ಸಮಾಧಿ ಮಾಡಲಾಯಿತು. 2017ರ ಜನವರಿಯ ಸೇನಾದಿನದಂದು ಮರಣೋತ್ತರವಾಗಿ ಸೇನಾ ಪದಕ ಬಂತು. ಅದನ್ನು ಪಡೆಯಲು ನಿಂತವಳು ಆತನ ಪತ್ನಿ.

ಹತ್ತು ಹೆಸರುಗಳು

ಈಗ ಉಳಿದ ಒಂಬತ್ತು ಮಂದಿಯ ಹೆಸರುಗಳನ್ನು ಹೇಳಬೇಕು. ಒಬ್ಬನ ಹೆಸರು ಮಾತ್ರ ಉಳಿದು ಮಿಕ್ಕವರದ್ದು ಮರೆಯಬಾರದು. ಹಾಸನದ ತೇಜೂರಿನ ಸುಬೇದಾರ್ ನಾಗೇಶ. ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆಯ ಸಿಪಾಯಿ ಮಹೇಶ. ತಮಿಳುನಾಡಿನ ವೇಲೂರಿನ ಹವಾಲ್ದಾರ್ ಏಳುಮಲೈ, ತೇನಿಯ ಲ್ಯಾನ್ಸ್ ಹವಾಲ್ದಾರ್ ಕುಮಾರ್, ಮದುರೈಯ ಸಿಪಾಯಿ ಗಣೇಶನ್, ಕೃಷ್ಣಗಿರಿಯ ಸಿಪಾಯಿ ರಾಮಮೂರ್ತಿ. ಕೇರಳದ ಕೊಲ್ಲಂ ಬಳಿಯ ಮನ್ರೋತುರುತ್ತಿನ ಲ್ಯಾನ್ಸ್ ನಾಯಕ್ ಸುಧೀಶ್. ಆಂಧ್ರದ ಆಗಿನ ಕರ್ನೂಲು ಜಿಲ್ಲೆಯ ಪಾರ್ನಪಲ್ಲೆಯ ಸಿಪಾಯಿ ಮುಷ್ತಾಕ್ ಅಹ್ಮದ್. ಮಹಾರಾಷ್ಟ್ರದ ಸಾತಾರೆಯ ನರ್ಸಿಂಗ್ ಸಹಾಯಕ ಸೂರ್ಯವಂಶಿ. ಹವಾಮಾನ ಕೆಟ್ಟಿದ್ದರಿಂದ ಅವರ ದೇಹಗಳು ಕೆಳಗಿಳಿಯಲು ಕೆಲವು ದಿನ ತಡವಾಯಿತು. ಆಗ ಪತ್ರಿಕೆಗಳ ಮುಖಪುಟ ಬೇರೆ ಸುದ್ದಿಗೆ ಹೋಗಿಯಾಗಿತ್ತು.

ಈ ಪಟ್ಟಿಯನ್ನು ಪತ್ರಿಕೆಗಳು ರಾಜ್ಯವಾರು ಅಚ್ಚುಮಾಡಿದುವು: ತಮಿಳುನಾಡು ನಾಲ್ಕು, ಕರ್ನಾಟಕ ಮೂರು, ಕೇರಳ ಒಂದು, ಆಂಧ್ರ ಒಂದು, ಮಹಾರಾಷ್ಟ್ರ ಒಂದು. ಅದನ್ನು ಓದುವಾಗ ನನ್ನ ಮನಸ್ಸಿಗೆ ಬಂದದ್ದು ಇದು: ಅಲ್ಲಿ ಕಣೇಕಲ್ಲಿನ ಹುಡುಗನೊಬ್ಬ ಇದ್ದಿದ್ದರೆ ಆತನನ್ನು ‘ಆಂಧ್ರ’ದ ಸಾಲಿನಲ್ಲಿ ಬರೆಯುತ್ತಿದ್ದರು. ಮಂಜೇಶ್ವರದ ಹುಡುಗನಿದ್ದರೆ ‘ಕೇರಳ’ದ ಸಾಲಿನಲ್ಲಿ. ಅದು ತಪ್ಪೇನಲ್ಲ; ಆಡಳಿತದ ಲೆಕ್ಕ ಹಾಗೆಯೇ ಇರಬೇಕು. ಆದರೆ ಆ ಮನೆಯ ಅಂಗಳದಲ್ಲಿ ತಾಯಿ ಅಳುವ ಮಾತು ಯಾವುದೆಂದು ಪಟ್ಟಿ ಹೇಳುವುದಿಲ್ಲ. ಕನ್ನಡನಾಡಿನವರು ಆತನನ್ನು ತಮ್ಮವನೆಂದು ಎಣಿಸಲಾರರು, ಏಕೆಂದರೆ ಪಟ್ಟಿಯಲ್ಲಿ ಇಲ್ಲ. ನೆರೆನಾಡಿನವರು ಎಣಿಸುತ್ತಾರೆ, ಆದರೆ ಆತನ ಮಾತಿನಲ್ಲಿ ಆತನ ಕಥೆ ಬರೆಯಲಾರರು. ಗಡಿನಾಡಿನ ಸೈನಿಕ ಹೀಗೆ ಎರಡು ನೆನಪುಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತಾನೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಅದೇ ವರ್ಷದ್ದೇ ಇದೆ. 2016ರ ಜನವರಿಯಲ್ಲಿ, ಈ ಹಿಮಪಾತಕ್ಕೆ ಒಂದು ತಿಂಗಳ ಮುನ್ನ, ಪಠಾಣ್‌ಕೋಟೆಯ ವಾಯುನೆಲೆಯಲ್ಲಿ ಸ್ಫೋಟಕ ನಿಷ್ಕ್ರಿಯಗೊಳಿಸುವಾಗ ಲೆಫ್ಟಿನೆಂಟ್ ಕರ್ನಲ್ ಇ. ಕೆ. ನಿರಂಜನ್ ಮಡಿದರು. ಪಾಲಕ್ಕಾಡಿನ ಎಳಂಬುಲಾಶ್ಶೇರಿಯ ಮನೆತನ; ಬೆಳೆದದ್ದು ಬೆಂಗಳೂರಿನಲ್ಲಿ. ಅವರಿಗೂ ಪುಟ್ಟ ಮಗಳಿದ್ದಳು. ಅವರ ದೇಹಕ್ಕೆ ಮೊದಲು ಬೆಂಗಳೂರಿನ ಜನ ಗೌರವ ಸಲ್ಲಿಸಿದರು. ಅನಂತರ ಎಳಂಬುಲಾಶ್ಶೇರಿಯಲ್ಲಿ ಅಂತ್ಯಕ್ರಿಯೆ ನಡೆಯಿತು. ಕನ್ನಡನಾಡೂ ಮಲಯಾಳನಾಡೂ ಅವರನ್ನು ತಮ್ಮವರೆಂದುವು. ಅದರಿಂದ ಯಾರ ಪಾಲೂ ಕಡಿಮೆಯಾಗಲಿಲ್ಲ. ಎರಡು ನಾಡಿಗೆ ಸೇರಿದವನನ್ನು ಎರಡು ನಾಡೂ ನೆನೆಯಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಈ ವಾರ್ಷಿಕ ಸಂಚಿಕೆಯಂತೆ, ಎರಡು ಲಿಪಿಗಳು ಒಂದೇ ಹೊದಿಕೆಯೊಳಗೆ ಇರಬಹುದು.

ನಮ್ಮ ಕೆಲಸ

ನಮ್ಮ ಮನೆಗಳಲ್ಲಿ ಸೈನ್ಯಕ್ಕೆ ಹೋದವರು ಇಲ್ಲದೆ ಇಲ್ಲ. ಅವರು ಬರೆದ ಇನ್‌ಲ್ಯಾಂಡ್ ಪತ್ರಗಳು ಮಾಡದಲ್ಲೋ ಟ್ರಂಕಿನಲ್ಲೋ ಇರುತ್ತವೆ. ‘ನಾನು ಕ್ಷೇಮ, ಹಸು ಈದಿತೇ, ತಂಗಿಗೆ ಜ್ವರ ಬಿಟ್ಟಿತೇ, ಮಳೆ ಹೇಗಿದೆ’ ಎಂದು ಕೇಳುವ ಪತ್ರಗಳು. ನೆಲೆಯ ಹೆಸರಿಲ್ಲ, ಅಂಚೆಯ ಸಂಖ್ಯೆ ಮಾತ್ರ. ತಾವು ಎಂಥ ಚಳಿಯಲ್ಲಿದ್ದೇವೆಂದು ಒಂದು ಮಾತೂ ಇರುವುದಿಲ್ಲ. ಸೈನಿಕನ ಸಂಸಾರಪ್ರೀತಿಯ ಚರಿತ್ರೆ ಎಂದರೆ ಈ ಬರೆಯದೆ ಬಿಟ್ಟ ಸಾಲುಗಳ ಚರಿತ್ರೆ. ದೂರವಾಣಿ ಬಂದ ಮೇಲೆ ಪತ್ರ ನಿಂತಿತು. ಸಿಯಾಚಿನ್ನಿನ ಜವಾನ ಆಗ ಉಪಗ್ರಹ ಫೋನಿನ ಸರದಿಗೆ ಕಾದು ಎರಡು ಮಾತಾಡುತ್ತಿದ್ದ. ಆ ಮಾತುಗಳು ಗಾಳಿಗೆ ಹೋದುವು. ಆದುದರಿಂದ ಉಳಿದಿರುವ ಕಾಗದಗಳ ಬೆಲೆ ಇನ್ನೂ ಹೆಚ್ಚು.

ನಮ್ಮ ಭಾಗದಲ್ಲಿ ಆ ಪತ್ರಗಳಿಗೆ ಇನ್ನೊಂದು ಅಪಾಯವಿದೆ. ಅಜ್ಜ ಕನ್ನಡದಲ್ಲಿ ಬರೆದದ್ದನ್ನು ತೆಲುಗು ಮಾಧ್ಯಮದಲ್ಲಿ ಓದಿದ ಮೊಮ್ಮಗ ಓದಲಾರ. ನಿಮ್ಮಲ್ಲಿ ಮಲಯಾಳ ಮಾಧ್ಯಮದಲ್ಲಿ ಓದಿದ ಮೊಮ್ಮಗಳೂ ಓದಲಾರಳು. ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳೇ ಮನೆಯ ಕನ್ನಡ ಪತ್ರದ ಮುಂದೆ ಅನಕ್ಷರಸ್ಥರಾಗುತ್ತಾರೆ. ಭಾಷೆ ಹೋಗುವುದು ಸಭೆಗಳಲ್ಲಿ ಅಲ್ಲ, ಹೀಗೆ ಟ್ರಂಕಿನೊಳಗೆ. ಕನ್ನಡ ಶಾಲೆ ಬೇಕೆಂದು ನಾವು ಮನವಿ ಸಲ್ಲಿಸುವಾಗ ಹಕ್ಕು, ಆಯೋಗ, ವರದಿ ಎಂದು ಬರೆಯುತ್ತೇವೆ. ಅವುಗಳ ಜತೆಗೆ ಇದನ್ನೂ ಬರೆಯಬಹುದು: ದೇಶದ ಗಡಿ ಕಾಯಲು ಹೋದ ಅಜ್ಜನ ಪತ್ರವನ್ನು ಆತನ ಮೊಮ್ಮಗುವಿಗೆ ಓದಲು ಬರಬೇಕು, ಅಷ್ಟೇ.

ಗಡಿನಾಡಿನ ಒಂದೊಂದು ಊರಿನಲ್ಲೂ ಸೈನ್ಯದಲ್ಲಿ ದುಡಿದವರ ಹೆಸರು, ಸೇರಿದ ವರ್ಷ, ರೆಜಿಮೆಂಟು, ನೆಲೆಗಳು, ಮನೆಮಾತು ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವ ಕೆಲಸವನ್ನು ಶಾಲೆಯ ಮಕ್ಕಳು ಒಂದು ಬೇಸಿಗೆಯಲ್ಲಿ ಮಾಡಬಹುದು. ಅದಕ್ಕೆ ಹಣ ಬೇಡ, ಅನುಮತಿ ಬೇಡ. ಪತ್ರಗಳಿದ್ದರೆ ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ, ಪಕ್ಕದಲ್ಲಿ ತೆಲುಗಿನಲ್ಲೋ ಮಲಯಾಳದಲ್ಲೋ ಬರೆದುಕೊಂಡರೂ ಸರಿ. ಬೆಟದೂರಿನ ಹನುಮಂತಪ್ಪನ ಬಾಳು ನಮಗೆ ತಿಳಿದದ್ದು ಆರು ದಿನ ಹಿಮದಡಿ ಉಸಿರು ಹಿಡಿದುಕೊಂಡಿದ್ದರಿಂದ. ಅಂಥದ್ದೇನೂ ನಡೆಯದೆ ಹದಿನೈದು ವರ್ಷ ದುಡಿದು, ಟ್ರಂಕು ಹೊತ್ತು ಊರಿಗೆ ಮರಳಿ, ಮಗಳ ಮದುವೆ ಮಾಡಿ, ಸದ್ದಿಲ್ಲದೆ ತೀರಿಕೊಂಡವರು ನಮ್ಮ ಓಣಿಗಳಲ್ಲೇ ಇದ್ದರು. ಅವರನ್ನು ನೆನೆಯಲು ನಾವು ಹಿಮ ಕುಸಿಯುವವರೆಗೆ ಕಾಯಬೇಕಾಗಿಲ್ಲ.